ಎರಡನೆಯ ನೀರು

ಜೂನ್ 2, ಭಾನುವಾರ

ಇವತ್ತು ಪೀಚ್ ಹಣ್ಣಿನ ಪರಿಮಳದ ಊಲಾಂಗ್ ಚಹಾ. ನಾನು ಓದಿ ಹೇಳಿಬಿಡುತ್ತೇನೆಂದು ಅಕ್ಕ ಡಬ್ಬಿಯ ಮೇಲಿನ ಚೀಟಿಗೆ ಕರವಸ್ತ್ರ ಸುತ್ತಿಟ್ಟಿದ್ದಳು. ಓದದಿದ್ದರೂ ಗೊತ್ತಾಗುತ್ತಿತ್ತು. ಬಿಸಿನೀರು ಬಿದ್ದ ಕೂಡಲೇ, ಮಾಗಿದ ಹಣ್ಣಿನ ಸಿಪ್ಪೆ ಸುಲಿದ ಹಾಗೆ ಘಮ್ಮೆಂದಿತು. ಗುಂಡಗೆ ಸುತ್ತಿದ ಎಲೆಗಳು ಒಂದೊಂದಾಗಿ ಮೈಮುರಿದು ಬಿಚ್ಚಿಕೊಂಡವು. "ಮೊದಲನೇ ನೀರು ಹಣ್ಣಿಂದು, ಎರಡನೇ ನೀರು ಎಲೇದು" ಎನ್ನುವುದು ಅಕ್ಕನ ಮಾತು. ಮೇಲಿಂದ ಬೆರೆಸಿದ ಪರಿಮಳ ಮೊದಲ ಸಲಕ್ಕೇ ಮುಕ್ಕಾಲು ಹೋಗಿಬಿಡುತ್ತದೆ. ಎಲೆಯ ಬಂಡವಾಳ ತಿಳಿಯುವುದು ಆಮೇಲೆ.

"ಏನನ್ನಿಸ್ತು?" ಎಂದಳು.

ನಾನು ಅವಳ ಮುಖ ನೋಡಿದೆ. "ನೀನು ಮೊದಲು ಹೇಳು."

"ಹುರಿದ ಕಾಳು. ಕೊನೇಲಿ ಒಂಚೂರು ಜೇನು."

"ನಂಗೂ ಹಾಗೇ ಅನ್ನಿಸ್ತು," ಎಂದೆ. ಜೇನು ಅನ್ನಿಸಿರಲಿಲ್ಲ. ಅವಳು ಅಂದಮೇಲೆ ಇದ್ದ ಹಾಗಾಯಿತು.

ಬಾವ ಟವೆಲು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ಇಣುಕಿದರು. "ಹಾಲಿಲ್ಲ, ಸಕ್ಕರೆ ಇಲ್ಲ. ಇಬ್ರೂ ಸೇರ್ಕೊಂಡು ಬಿಸಿನೀರಿಗೆ ಹೆಸರಿಡ್ತಾ ಕೂತಿದೀರಾ?"

"ನಿಮ್ಮ ಮೂಗಿಗೆ ಅಮೋನಿಯಾ ಬಿಟ್ರೆ ಬೇರೆ ಏನ್ ಗೊತ್ತಾಗುತ್ತೆ, ಹೋಗಿ," ಎಂದಳು ಅಕ್ಕ.

ಬಾವ, ನಮ್ಮ ಮನೆಯವರು, ಅಣ್ಣ ತಮ್ಮ ಇಬ್ಬರಿಗೂ ಒಂದೇ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಬಾವ ಅಲ್ಲಿ ಅಮೋನಿಯಾದಿಂದ ತಂಪು ಮಾಡುವ ಮೆಷಿನ್ ನೋಡಿಕೊಳ್ಳುತ್ತಾರೆ. ಇವರು ರಿಪೇರಿ ವಿಭಾಗಕ್ಕೆಲ್ಲ ಯಜಮಾನರು. "ಮನೇಲಿ ನಾನು ಅಣ್ಣ, ಗೇಟು ದಾಟಿದ್ರೆ ಅವನು ಅಣ್ಣ" ಎಂದು ಬಾವ ನಗಾಡುತ್ತಾರೆ. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರುವುದಿಲ್ಲ. ತಮ್ಮ ಮೇಲೆ ಬಂದಷ್ಟೂ ಅವರಿಗೆ ಹೆಮ್ಮೆ.

ಮೊನ್ನೆ ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಪಕ್ಕದ ಮೇಜಿನವಳು ಕೇಳಿದಳು, ಅಕ್ಕ ಅಕ್ಕ ಅಂತೀಯಲ್ಲ, ಒಡಹುಟ್ಟಿದವಳಾ ಎಂದು. ವಾರಗಿತ್ತಿ ಅಂದೆ. ನಂಬಲಿಲ್ಲ. ಮೇಲೊಂದು ಮನೆ, ಕೆಳಗೊಂದು ಮನೆ, ವಾರಗಿತ್ತಿಯರು ಒಂದೇ ಕುಡಿಕೆಯಿಂದ ಬಗ್ಗಿಸಿಕೊಂಡು ಕುಡಿಯುವುದು ಅವಳು ಕಂಡು ಕೇಳರಿಯದ ಸಂಗತಿಯಂತೆ.

ಜೂನ್ 4, ಮಂಗಳವಾರ

ಸಂಜೆ ಒಬ್ಬಳೇ ಶುಂಠಿಯ ಊಲಾಂಗ್ ಮಾಡಿಕೊಂಡೆ. ಮೊದಲ ನೀರು ಗಂಟಲನ್ನು ಗೀರಿತು. ಎರಡನೆಯದು ಮೆತ್ತಗಿತ್ತು. ಮೂರನೆಯದು ಹೇಗಿತ್ತೋ ಕಾಣೆ, ಅಷ್ಟರಲ್ಲಿ ಇವರು ಫೋನಿನಲ್ಲಿ ದನಿ ಏರಿಸಿದರು. ಕೋಲ್ಡ್ ಸ್ಟೋರೇಜಿನಲ್ಲಿ ಗ್ಯಾಸ್ ಸೋರಿದರೆ ಎಚ್ಚರಿಸುವ ಸೈರನ್ ಇದೆಯಲ್ಲ, ಅದು ಈ ವಾರವೆಲ್ಲ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿದೆಯಂತೆ. ಹೊಡೆದಾಗಲೆಲ್ಲ ಹಣ್ಣಿನ ಪೆಟ್ಟಿಗೆ ಇಳಿಸುವವರು ಹೊರಗೆ ಓಡುತ್ತಾರೆ, ಮ್ಯಾನೇಜರು ಇವರ ಮೇಲೆ ಹಾರಾಡುತ್ತಾರೆ.

"ಅಣ್ಣ, ನಾನು ಹೇಳ್ತಿದೀನಲ್ಲ, ಬಂದ್ ಮಾಡು. ಹೊಸ ಪಾರ್ಟು ಬರೋವರೆಗೆ ಅಷ್ಟೇ. ಏನಾದ್ರೂ ಆದ್ರೆ ನಾನಿದೀನಿ."

ಇವರ ಕೂಗಾಟ ಮುಗಿಯುವ ಹೊತ್ತಿಗೆ ಎಲೆ ನೀರಿನಲ್ಲೇ ಉಳಿದು ಕಹಿ ಬಿಟ್ಟಿತ್ತು. ಚೆಲ್ಲಿದೆ. ಒಳ್ಳೆಯ ಎಲೆ, ಸುಮ್ಮನೆ ಹಾಳಾಯಿತು.

ಜೂನ್ 6, ಗುರುವಾರ

ಬಾವ ಇಲ್ಲ.

ನಿನ್ನೆ ಮಧ್ಯಾಹ್ನ ಮೆಷಿನ್ ರೂಮಿನ ಬಾಗಿಲು ತೆಗೆದಿದ್ದಾರೆ. ಒಳಗೆಲ್ಲ ಅಮೋನಿಯಾ ತುಂಬಿಕೊಂಡಿತ್ತು. ನೇರ ಮುಖಕ್ಕೇ. ಇವರೇ ಓಡಿಹೋಗಿ ಎಳೆದುಕೊಂಡು ಬಂದರಂತೆ.

ಬರೆಯಲು ಆಗುತ್ತಿಲ್ಲ.

ಜೂನ್ 10, ಸೋಮವಾರ

ಎಲ್ಲ ಮುಗಿಸಿ ಬಂದೆವು. ಬಂದವರು ಹೋದರು. ಕುರ್ಚಿಗಳನ್ನು ಬಾಡಿಗೆಯವರು ತೆಗೆದುಕೊಂಡು ಹೋದರು. ಕೆಳಗಿನ ಮನೆ ಇಷ್ಟು ದೊಡ್ಡದಿತ್ತೇ ಅನ್ನಿಸಿತು.

ಅಕ್ಕ ಅಳಲಿಲ್ಲ. ಕೋಲ್ಡ್ ಸ್ಟೋರೇಜಿನವರು ಕೊಟ್ಟ ಚೀಲದಲ್ಲಿ ಬಾವನ ಇನ್ನೊಂದು ಜೊತೆ ಯೂನಿಫಾರ್ಮ್ ಇತ್ತು. ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿ ತಿಕ್ಕುತ್ತ ಕೂತಿದ್ದಳು. ಕೈ ಹಿಡಿದೆ. "ಬಿಡು. ಹಾಗೇ ಮಡಚಿಡೋಕಾಗುತ್ತಾ? ಕೊಳೆ," ಎಂದಳು.

ಏನು ಮಾಡುವುದೆಂದು ತೋಚದೆ ಚಹಾ ಮಾಡಿದೆ. ಪೀಚಿನದು ಸ್ವಲ್ಪ ಉಳಿದಿತ್ತು. ಅವಳು ಮುಚ್ಚಳ ಎತ್ತಿ ಮೂಸಿ ಪಕ್ಕಕ್ಕೆ ಸರಿಸಿದಳು. "ಎಲ್ಲದರಲ್ಲೂ ಅದೇ ವಾಸನೆ ಕಣೇ."

ಇವರು ಊಟಕ್ಕೆ ಕೂತರೆ ತಟ್ಟೆಯಲ್ಲಿರುವುದನ್ನು ನೋಡುತ್ತಾರೆ, ನುಂಗುತ್ತಾರೆ, ಏಳುತ್ತಾರೆ. ಕಣ್ಣು ಇನ್ನೂ ಕೆಂಡದಂತಿದೆ, ಗ್ಯಾಸಿಗೋ ಅತ್ತಿದ್ದಕ್ಕೋ. ಪಾಪ. ತಂದೆ ಇಲ್ಲದ ಮನೆಯಲ್ಲಿ ಇವರನ್ನು ಓದಿಸಿದ್ದು ಬಾವ.

ಜೂನ್ 16, ಭಾನುವಾರ

ಅಕ್ಕನೇ ಕೆಳಗಿನಿಂದ ಕೂಗಿದಳು. "ಬರ್ತೀಯಾ? ನೀರು ಕಾಯ್ತಿದೆ."

ಅದೇ ಕಿಟಕಿ, ಅದೇ ಬಟ್ಟಲು. ದಾಲ್ಚಿನ್ನಿ ಬೆರೆಸಿದ ಊಲಾಂಗ್. ನಾಳೆಯಿಂದ ಮತ್ತೆ ಡ್ರೈವಿಂಗ್ ಸ್ಕೂಲಿಗೆ ಕಲಿಸಲು ಹೋಗುತ್ತಾಳಂತೆ. ಕಲಿಯುವವರು ಸ್ಟಿಯರಿಂಗ್ ಹಿಡಿದಾಗ ಪಕ್ಕದಲ್ಲಿ ಕೂತವಳಿಗೆ ಬೇರೆ ಯೋಚನೆ ಬರಲು ಪುರುಸೊತ್ತೇ ಇರುವುದಿಲ್ಲ ಎಂದಳು. "ಜೀವಭಯ ಒಳ್ಳೇ ಔಷಧಿ."

ಇಬ್ಬರೂ ಸ್ವಲ್ಪ ನಕ್ಕೆವು. ಆಮೇಲೆ ಕೇಳಿದಳು:

"ಆ ಸೈರನ್ ಯಾಕೆ ಹೊಡೀಲಿಲ್ಲ?"

ನಾನು ಬಟ್ಟಲು ಕೆಳಗಿಟ್ಟೆ.

"ಹೊಡೆದಿದ್ರೆ ನಮ್ಮವರು ಬಾಗಿಲು ತೆಗೀತಿರ್ಲಿಲ್ಲ. ಇಪ್ಪತ್ತು ವರ್ಷದ ಕೆಲಸ, ಅಷ್ಟೂ ಗೊತ್ತಾಗಲ್ವಾ? ನಿನ್ನ ಗಂಡ ಏನಾದ್ರೂ ಅಂದ್ನಾ?"

"ವಿಚಾರಣೆ ನಡೀತಿದೆಯಲ್ಲಕ್ಕ. ಅವರೇ ಹೇಳ್ತಾರೆ."

"ಹ್ಞೂಂ," ಎಂದಳು. ದಾಲ್ಚಿನ್ನಿ ತುಂಬ ಖಾರವಾಗಿತ್ತು, ಎಲೆಯ ರುಚಿ ಸಿಗಲೇ ಇಲ್ಲ. ಬೇರೆ ಅಂಗಡಿಯದು ತರಬಾರದಿತ್ತು.

ಜೂನ್ 21, ಶುಕ್ರವಾರ

ನಾವು ಯಾವಾಗಲೂ ಚಹಾ ಕೊಳ್ಳುವ ಡಬ್ಬಿ ಅಜ್ಜಿಯ ಅಂಗಡಿಗೆ ಹೋಗಿದ್ದೆ. ಗೋಡೆ ತುಂಬ ತಗಡಿನ ಡಬ್ಬಿಗಳು, ನಡುವೆ ಸಣ್ಣ ಡಬ್ಬಿಯಂತೆ ಅಜ್ಜಿ. ಕಿತ್ತಳೆ ಸಿಪ್ಪೆಯ ಊಲಾಂಗ್ ತಂದೆ, ಹಾಲಿನ ಪರಿಮಳದ್ದು ಒಂದು, ಲಿಚಿ ಹಣ್ಣಿನದು ಒಂದು. ಒಂದೇ ವಾರಕ್ಕೆ ಮೂರು ಬಗೆ ಯಾಕೆ ಎಂದು ಅಜ್ಜಿ ಕೇಳಿದಳು. ದುಡ್ಡು ಎಣಿಸಿ ಕೊಟ್ಟೆ.

ಕಿತ್ತಳೆಯದು ಬಹಳ ಚೆನ್ನಾಗಿದೆ. ಸಿಪ್ಪೆ ಒಣಗಿಸಿ ಹಾಕಿದ್ದು, ಎಸೆನ್ಸ್ ಅಲ್ಲ. ನಾಲಿಗೆಯ ಎರಡು ಬದಿಯಲ್ಲಿ ಮೊದಲು ಸಣ್ಣ ಕಹಿ, ಅದರ ಬೆನ್ನಿಗೇ ಸಿಹಿ. ಎಲೆಯನ್ನು ಹದವಾಗಿ ಹುರಿದಿದ್ದಾರೆ. ನುಂಗಿದ ಮೇಲೂ ಗಂಟಲಲ್ಲಿ ಬಹಳ ಹೊತ್ತು ಹಣ್ಣು ಸುಲಿದ ಕೈಯ ವಾಸನೆ. ಮೂರನೆಯ ನೀರಿಗೂ ಸೋಲಲಿಲ್ಲ. ಹಾಲಿನದು ಮಾತ್ರ ಮೋಸ. ಬಿಸ್ಕತ್ತಿನ ಅಂಗಡಿಯ ಮುಂದೆ ಹಾದು ಹೋದಂತೆ, ಅಷ್ಟೇ. ಲಿಚಿಯದನ್ನು ನಾಳೆಗೆ ಇಟ್ಟಿದ್ದೇನೆ.

ಇವರು ಸಂಜೆ ಹೇಳಿದರು, ಸೈರನ್ನಿನ ಸ್ವಿಚ್ಚನ್ನು ಬಾವನೇ ಬಂದ್ ಮಾಡಿದ್ದಂತೆ. ಕ್ಯಾಮೆರಾದಲ್ಲಿ ಕಂಡಿದೆಯಂತೆ. ಹಾಗೆಂದೇ ವರದಿ ಬರೆಯುತ್ತಾರಂತೆ. ಇರಬಹುದು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ. ಬಾವನಿಗೂ ಆ ಸದ್ದು ಕೇಳಿ ಕೇಳಿ ರೋಸಿತ್ತೇನೋ.

ಲಿಚಿಯದನ್ನು ಈಗಲೇ ಮಾಡಿಕೊಂಡು ಕುಡಿದೆ.

ಜೂನ್ 27, ಗುರುವಾರ

ಲ್ಯಾಬಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಬಾಗಿಲು ತಟ್ಟಿದರು. ಕೋಲ್ಡ್ ಸ್ಟೋರೇಜಿನ ವೆಲ್ಡರ್, ಎಲ್ಲರೂ ಮೀಸೆ ಎಂದೇ ಕರೆಯುವವನು. ಬಾವನ ಗೆಳೆಯ. ಮೊದಲು ಕೆಳಗಿನ ಮನೆಯ ಮುಂದೆ ನಿಂತಿದ್ದನಂತೆ, ಅಕ್ಕನನ್ನು ನೋಡುವ ಧೈರ್ಯ ಸಾಲದೆ ಮೇಲೆ ಹತ್ತಿಬಂದ. ಕೂರು ಎಂದರೂ ಕೂರಲಿಲ್ಲ.

"ಯಜಮಾನ್ರು ಇಲ್ವಾ? ಅವರ ಹತ್ರಾನೇ ಮಾತಾಡಬೇಕಿತ್ತು."

"ಇನ್ನೂ ಬಂದಿಲ್ಲ. ಏನು?"

"ಅಣ್ಣ ತಾನಾಗೇ ಬಂದ್ ಮಾಡೋ ಮನುಷ್ಯ ಅಲ್ಲ ತಾಯಿ. ಅದರ ಹಿಂದಿನ ದಿನ, ಮಂಗಳವಾರ ಸಂಜೆ ಫೋನ್ ಬಂತು, ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯಿಂದ ಯಾರು, ಏನಂದ್ರು, ನಂಗೆ ಕೇಳಿಸ್ಲಿಲ್ಲ. ಅಣ್ಣ 'ಬೇಡ ಕಣೋ, ಬೇಡ' ಅಂದ್ರು. ಎರಡು ಸಲ. ಆಮೇಲೆ 'ಸರಿ ಬಿಡು, ನೀನಿದೀಯಲ್ಲ' ಅಂತ ಹೇಳಿ ಇಟ್ರು. ಹೋಗಿ ಸ್ವಿಚ್ಚು ತೆಗೆದ್ರು."

"ಇದನ್ನ ವಿಚಾರಣೇಲಿ ಹೇಳಿದ್ಯಾ?"

ಅವನು ಮೀಸೆಯನ್ನು ಅಂಗೈಯಿಂದ ಒತ್ತಿಕೊಂಡ. "ಕೇಳಿದ್ರು. ಹೊರಗಿದ್ದೆ ಅಂದ್ಬಿಟ್ಟೆ. ಕೆಲಸ ಹೋಗುತ್ತಲ್ಲ. ಯಜಮಾನ್ರು ಹೇಳಿದ್ರೆ ಅದರ ತೂಕಾನೇ ಬೇರೆ. ಸ್ವಂತ ತಮ್ಮ."

ಅವನು ಹೋದಮೇಲೆ ಬಾಗಿಲು ಹಾಕಿಕೊಂಡು ಅಲ್ಲೇ ನಿಂತಿದ್ದೆ. ಅವನಿಗೆ ಕೇಳಿಸದ ಅರ್ಧ ನನಗೆ ಕೇಳಿಸಿತ್ತು. ನಾನು ಆಗ ಶುಂಠಿ ಚಹಾ ಕಹಿಯಾಯಿತೆಂದು ಸಿಡುಕುತ್ತಿದ್ದೆ.

ಜೂನ್ 30, ಭಾನುವಾರ

ತಲೆನೋವು ಎಂದು ಹೇಳಿ ಕೆಳಗೆ ಹೋಗಲಿಲ್ಲ. ಅಕ್ಕ ಮೆಟ್ಟಿಲ ಬುಡದಿಂದ, "ಮಾತ್ರೆ ಬೇಕಾ?" ಎಂದಳು. ಬೇಡ ಅಂದೆ.

ಕಿಟಕಿ ಮುಚ್ಚಿಕೊಂಡು ಕಿತ್ತಳೆಯದನ್ನು ಮಾಡಿಕೊಂಡೆ. ಬಿಸಿಯಾಗಿತ್ತು.

ಜುಲೈ 3, ಬುಧವಾರ

ಕೇಳಿಬಿಟ್ಟೆ. ಇವರು ಶೂ ಬಿಚ್ಚುತ್ತಿದ್ದರು.

"ಅವತ್ತು ಫೋನಲ್ಲಿ ಬಾವನಿಗೆ ಬಂದ್ ಮಾಡು ಅಂದಿದ್ದು ನೀವು."

ಲೇಸು ಹಿಡಿದ ಕೈ ಹಾಗೇ ನಿಂತಿತು. "ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾಗಿಲ್ಲ. ನಾನು ಅಡುಗೆಮನೇಲಿದ್ದೆ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದೇ ಎಲ್ಲ ಹೇಳಿದರು. ಮ್ಯಾನೇಜರು ಬೆಳಗ್ಗೆಯಿಂದ ಕುತ್ತಿಗೆ ಮೇಲೆ ಕೂತಿದ್ದನಂತೆ. ಹೊಸ ಪಾರ್ಟು ಎರಡು ದಿನದಲ್ಲಿ ಬರುವುದಿತ್ತಂತೆ. ಯಾರಿಗೆ ಗೊತ್ತಿತ್ತು, ಸುಳ್ಳು ಸೈರನ್ ಹೊಡೆಯುವ ವಾರದಲ್ಲೇ ನಿಜವಾಗಿ ಸೋರುತ್ತದೆಂದು.

"ಹಾಗಾದ್ರೆ ಅದನ್ನೇ ಹೇಳಿ."

"ಹೇಳಿದ್ರೆ ಅಣ್ಣ ಎದ್ದು ಬರ್ತಾನಾ? ಅವನಿಗಿನ್ನು ಯಾವುದೂ ತಾಗಲ್ಲ ಕಣೇ. ನಂಗೆ ತಾಗುತ್ತೆ. ಜೈಲಾಗುತ್ತೆ. ನಿನಗೆ ಗಂಡ ಬೇಡ್ವಾ?"

ಆಮೇಲೆ ಅತ್ತರು. ಮದುವೆಯಾದಾಗಿನಿಂದ ಅವರು ಹೀಗೆ ಅತ್ತದ್ದು ನಾನು ನೋಡಿರಲಿಲ್ಲ. ಬೆನ್ನು ಸವರಿದೆ. ಯಾರಿಗೂ ಹೇಳುವುದಿಲ್ಲ ಎಂದೆ. ಹೇಳಿದ ಮೇಲೆ ಸಮಾಧಾನವಾಯಿತು. ನಿಜ, ಹೋದವರಿಗೆ ಏನು ತಾಗೀತು.

ಜುಲೈ 6, ಶನಿವಾರ

ಇವರು ನನಗೆಂದು ಒಂದು ಡಬ್ಬಿ ತಂದಿದ್ದಾರೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಹಸಿರು ಡಬ್ಬಿ, ಮೇಲೆ ಚಿನ್ನದ ಗೆರೆ. ಒಳಗೆ ಹಳದಿಯ ಪುಟ್ಟ ಒಣ ಹೂಗಳು ಬೆರೆತ ಊಲಾಂಗ್. ಅಜ್ಜಿಯ ಅಂಗಡಿಯಲ್ಲಿ ತೀರ ಮೇಲಿನ ಸಾಲಿನಲ್ಲಿರುವುದು, ನಾವು ಬರಿಯ ಮೂಸಿ ನೋಡಿ ವಾಪಸು ಕೊಡುತ್ತಿದ್ದುದು.

"ಕುಡಿದು ನೋಡು," ಎಂದು ಎದುರು ಕೂತರು.

ಜರ್ದಾಳು ಹಣ್ಣು, ಬೆಣ್ಣೆ, ಬಿಸಿಲಿಗೆ ಕಾದ ಹುಲ್ಲು. ಎಲೆಯೂ ಹೂವೂ ಒಂದನ್ನೊಂದು ತುಳಿಯದೆ ಕೈ ಹಿಡಿದು ನಡೆದಂತೆ. ಇಂಥದ್ದು ನಾನು ಕುಡಿದೇ ಇಲ್ಲ.

"ಹೇಗಿದೆ?"

"ಚೆನ್ನಾಗಿದೆ."

ಚೆನ್ನಾಗಿತ್ತು. ಅದೇ ಕಷ್ಟ.

ಜುಲೈ 7, ಭಾನುವಾರ

ಆ ಡಬ್ಬಿಯನ್ನು ಕೆಳಗೆ ತೆಗೆದುಕೊಂಡು ಹೋದೆ. ಯಾಕೆ ಹೋದೆನೋ. ಒಬ್ಬಳೇ ಕುಡಿದರೆ ಕದ್ದು ಕುಡಿದಂತೆ ಇರುತ್ತಿತ್ತು.

ಅಕ್ಕ ಮುಚ್ಚಳ ಮೂಸಿ ಕಣ್ಣು ಮುಚ್ಚಿದಳು. "ಬಂತು ಕಣೇ. ಮೂಗು ವಾಪಸು ಬಂತು. ಎಲ್ಲಿತ್ತು ಇದು?"

"ಇವರು ತಂದ್ರು."

"ನಿನ್ನ ಗಂಡ ಚಹಾ ತರೋದು ಯಾವಾಗ ಕಲಿತ?" ಎಂದು ನಕ್ಕಳು. ಮತ್ತೆ ಎರಡು ಗುಟುಕು. ಆಮೇಲೆ ಇದ್ದಕ್ಕಿದ್ದಂತೆ, ಕಿಟಕಿಯಾಚೆ ನೋಡುತ್ತ, ಹೇಳತೊಡಗಿದಳು.

"ನಮ್ಮವರೇ ಆಫ್ ಮಾಡಿದ್ರು ಅಂತ ಬರೀತಾರಂತಲ್ಲ. ಕ್ಲಾಸಿಗೆ ಬರೋ ಹುಡುಗಿ ಕೇಳ್ತಾಳೆ, ಮೇಡಂ, ನಿಮ್ಮನೆಯವರು ಕುಡೀತಿದ್ರಾ ಅಂತ. ಅದಾದ್ರೂ ಪರವಾಗಿಲ್ಲ. ಅವತ್ತು ಬೆಳಗ್ಗೆ ಜಗಳ ಆಡಿದ್ವಿ. ಏನಿಲ್ಲ, ಒದ್ದೆ ಟವೆಲು ಹಾಸಿಗೆ ಮೇಲೆ ಹಾಕಿದ್ರು. ನಿಮ್ಮ ಮುಖ ನೋಡಿ ಸಾಕಾಗಿದೆ, ಎಲ್ಲಾದ್ರೂ ಹೋಗಿ ಅಂದೆ. ಹ್ಞಾಂ ಹೋಗ್ತೀನಿ ಅಂದ್ರು. ತಿಂಡಿ ತಿನ್ನದೆ ಹೋದ್ರು."

"ಅಕ್ಕ..."

"ತಾವೇ ಸೈರನ್ ಆಫ್ ಮಾಡಿ, ತಾವೇ ಬಾಗಿಲು ತೆಗೆದು ಒಳಗೆ ಹೋದ್ರು ಅಂದ್ರೆ ಏನೇ ಅರ್ಥ? ಗೊತ್ತಿಲ್ದೆ ಹೋದ್ರಾ? ಇಲ್ಲಾ, ಹೋಗಬೇಕು ಅಂತಾನೇ ಹೋದ್ರಾ?"

ಈಗ ಹೇಳಬೇಕು ಎಂದುಕೊಂಡೆ. ಬಾಯಿ ತೆರೆದೆ. "ಇನ್ನೊಂದು ಸಲ ನೀರು ಹಾಕ್ಲಾ?" ಎಂದೆ.

ಹಾಕಿದೆ. ಕುಡಿದೆವು.

ಜುಲೈ 9, ಮಂಗಳವಾರ

ಲ್ಯಾಬಿನಲ್ಲಿ ಒಂದು ಸೆಟ್ಟು ಪೂರ್ತಿ ತಪ್ಪು ಬಣ್ಣದ ಹಲ್ಲಿಟ್ಟೆ. ಎಪ್ಪತ್ತರ ಮುದುಕನಿಗೆ ಇಪ್ಪತ್ತರ ಹಲ್ಲು. ಎಲ್ಲರೂ ನಕ್ಕರು. ಕಿತ್ತು ಮತ್ತೆ ಮಾಡಿದೆ.

ಹೋದವರಿಗೆ ತಾಗುವುದಿಲ್ಲ. ಇದ್ದವಳಿಗೆ?

ಜುಲೈ 11, ಗುರುವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ ಹೋದೆ. ಅಕ್ಕ ಒಬ್ಬಳನ್ನು ರಿವರ್ಸ್ ತೆಗೆಯಲು ಹಚ್ಚಿ ಬೈಯುತ್ತಿದ್ದಳು. ನನ್ನ ಮುಖ ನೋಡಿ ಅವಳನ್ನು ಇಳಿಸಿದಳು. ನಾನು ಡ್ರೈವರ್ ಸೀಟಿನಲ್ಲಿ ಕೂತೆ, ಅವಳು ಪಕ್ಕದಲ್ಲಿ. ಅವಳ ಕಡೆಗೂ ಒಂದು ಬ್ರೇಕು ಇದೆ. ಅವಳ ಕಾಲು ಅಭ್ಯಾಸಬಲದಿಂದ ಅದರ ಮೇಲೇ ಇತ್ತು.

ಎದುರಿನ ಟ್ರಾಫಿಕ್ ಕೋನುಗಳನ್ನು ನೋಡುತ್ತ ಎಲ್ಲ ಹೇಳಿದೆ. ಇವರು ಅಂದದ್ದು, ಮೀಸೆಗೆ ಕೇಳಿಸಿದ್ದು, ಎರಡನ್ನೂ ಜೋಡಿಸಿ.

"ಬೇಡ ಅಂದ್ರಾ?"

"ಎರಡು ಸಲ ಅಂದ್ರಂತೆ."

"ಆಮೇಲೆ?"

"ಸರಿ ಬಿಡು, ನೀನಿದೀಯಲ್ಲ ಅಂದ್ರಂತೆ."

ಅಕ್ಕ ಆಗ ಅತ್ತಳು. ಬಾವ ಹೋದ ಮೇಲೆ ಮೊದಲ ಸಲ. ಡ್ಯಾಶ್‌ಬೋರ್ಡಿಗೆ ಹಣೆ ಆನಿಸಿ, ದನಿ ಬಿಟ್ಟು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಕೈ ಅಲ್ಲೇ ಇತ್ತು, ಅವಳ ಅಳು ನಿಂತಿತು, ಭುಜ ಕಲ್ಲಾಯಿತು.

"ಮೊನ್ನೆ ಭಾನುವಾರ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಹಾಗೆಲ್ಲ ಹೇಳ್ಕೊಂಡಾಗ?"

"ಹ್ಞೂಂ."

"ನೀನು ನೀರು ಹಾಕ್ಲಾ ಅಂದೆ."

ನಾನು ಅವಳ ಭುಜದಿಂದ ಕೈ ತೆಗೆದೆ.

"ಇಳಿ," ಎಂದಳು.

ಇಳಿದೆ. ಅವಳು ನನ್ನ ಸೀಟಿಗೆ ಸರಿದಳು, ಕಾರು ಮೈದಾನದ ಸುತ್ತ ಒಂದು ಸುತ್ತು ಹೊಡೆದು ಗೇಟಿನಿಂದ ಹೊರಗೆ ಹೋಯಿತು. ರಿವರ್ಸ್ ಕಲಿಯುತ್ತಿದ್ದವಳು ಕೈಯಲ್ಲಿ ನೀರಿನ ಬಾಟಲು ಹಿಡಿದು, "ಮೇಡಂ ವಾಪಸು ಬರ್ತಾರಾ?" ಎಂದು ನನ್ನನ್ನು ಕೇಳಿದಳು.

ಜುಲೈ 15, ಸೋಮವಾರ

ಅಕ್ಕ ವಿಚಾರಣಾಧಿಕಾರಿಗೆ ಹೇಳಿದ್ದಾಳೆ. ನನ್ನನ್ನು ಕರೆಸಿದರು.

ಕಡತಗಳ ಕಪಾಟುಗಳ ನಡುವೆ ಒಂದು ಮೇಜು. ಅಧಿಕಾರಿಗೆ ನೆಗಡಿ. ಪುದೀನದ ಗುಳಿಗೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಿದ್ದರು.

"ಮನೇಲಿ ನಿಮಗೂ ನಿಮ್ಮ ಯಜಮಾನರಿಗೂ ಏನಾದ್ರೂ ಮನಸ್ತಾಪ ಇದೆಯೇನಮ್ಮ?"

"ಇಲ್ಲ."

"ಅವರ ವಿರುದ್ಧ ಹೇಳ್ತಿದೀರಿ, ಗೊತ್ತಿದೆ ತಾನೆ?"

"ಕೇಳಿಸಿದ್ದನ್ನ ಹೇಳ್ತಿದೀನಿ."

ಹೇಳಿದೆ. ಅವರು ಬರೆದುಕೊಂಡರು. ಮಂಗಳವಾರ ಸಂಜೆ ಎನ್ನುವುದು ಅಷ್ಟು ಖಚಿತವಾಗಿ ಹೇಗೆ ನೆನಪು ಎಂದರು. ಚಹಾ ಮಾಡುತ್ತಿದ್ದೆ, ಅದು ಕಹಿಯಾಯಿತು ಎಂದೆ. ತಲೆಯೆತ್ತಿ ನೋಡಿದರು, ಅದನ್ನೂ ಬರೆದುಕೊಂಡರು.

ಹೊರಗೆ ಬೆಂಚಿನ ಮೇಲೆ ನನ್ನ ಗಂಡ ಕೂತಿದ್ದರು. ಮುಂದಿನ ಸರದಿ ಅವರದ್ದು. ಬಾಗಿಲಲ್ಲಿ ಎದುರಾದಾಗ, ಪರಿಚಯವಿಲ್ಲದ ಹೆಂಗಸಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತರು.

ಜುಲೈ 18, ಗುರುವಾರ

ಅವತ್ತು ವಿಚಾರಣೆಯಲ್ಲಿ ಅವರು ಎಲ್ಲ ಒಪ್ಪಿಕೊಂಡರಂತೆ. ಮ್ಯಾನೇಜರು ತಾನು ಏನೂ ಹೇಳೇ ಇಲ್ಲ ಎಂದನಂತೆ. ಇಬ್ಬರನ್ನೂ ಕೆಲಸದಿಂದ ನಿಲ್ಲಿಸಿದ್ದಾರೆ. ಪೊಲೀಸರು ಅವರನ್ನು ಒಂದು ದಿನ ಇಟ್ಟುಕೊಂಡು ಮನೆಗೆ ಕಳಿಸಿದ್ದಾರೆ. ಕೇಸು ನಡೆಯುತ್ತದೆ.

ಇವತ್ತು ಲ್ಯಾಬಿನಿಂದ ಬಂದಾಗ ಮೆಟ್ಟಿಲಿಗೇ ಸೀದ ವಾಸನೆ. ಒಲೆಯ ಮೇಲೆ ಹಾಲು ಇಂಗಿ ಪಾತ್ರೆ ಕರಕಲಾಗಿದೆ, ಅಡುಗೆಮನೆ ತುಂಬ ಹೊಗೆ. ಅವರು ಒಲೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದಾರೆ.

"ವಾಸನೆ ಬರ್ಲಿಲ್ವಾ?"

"ಇಲ್ಲ."

"ಮನೆ ಹೊತ್ತಿಕೊಂಡಿದ್ರೆ?"

"ವಾಸನೆ ಬರಲ್ಲ ಅಂದೆನಲ್ಲ. ಅವತ್ತಿಂದ ಬರಲ್ಲ."

"ಯಾವತ್ತಿಂದ?"

"ಅಣ್ಣನ್ನ ಎಳ್ಕೊಂಡು ಬಂದೆನಲ್ಲ." ಮೂಗನ್ನು ಬೆರಳಿನಿಂದ ಮುಟ್ಟಿಕೊಂಡರು. "ಒಳಗೆ ಸುಟ್ಟಿದೆ ಅನ್ಸುತ್ತೆ. ಊಟಾನೂ ಅಷ್ಟೇ, ಉಪ್ಪು ಹುಳಿ ಬಿಟ್ರೆ ಏನಿಲ್ಲ. ಕಾಗದ ತಿಂದ ಹಾಗೆ."

"ಡಾಕ್ಟರಿಗೆ ತೋರಿಸ್ಬೇಕಿತ್ತು. ನಂಗಾದ್ರೂ ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ಅವನು ಜೀವಾನೇ ಕೊಟ್ಟ, ನಾನು ಮೂಗು ಹೋಯ್ತು ಅಂತ ಕೂಗ್ಲಾ?"

ಅವರ ಪಕ್ಕದಲ್ಲೇ ಮಲಗುತ್ತಿದ್ದೆ. ಅವರ ಎದುರೇ ಕೂತು ಜರ್ದಾಳು, ಬೆಣ್ಣೆ, ಬಿಸಿಲಿಗೆ ಕಾದ ಹುಲ್ಲು ಎಂದು ಮೂಗರಳಿಸುತ್ತಿದ್ದೆ.

"ಮತ್ತೆ ಆ ಹಸಿರು ಡಬ್ಬಿ?"

"ಬಣ್ಣ ಚೆನ್ನಾಗಿತ್ತು," ಎಂದರು.

ಪಾತ್ರೆ ತಿಕ್ಕಿದೆ. ಅರ್ಧ ಹೋಯಿತು, ಅರ್ಧ ಹೋಗಲಿಲ್ಲ.

ಜುಲೈ 28, ಭಾನುವಾರ

ಅವರನ್ನು ಡಾಕ್ಟರಿಗೆ ತೋರಿಸಿದೆ. ವಾಸನೆ ವಾಪಸು ಬರಬಹುದು, ಬರದೆಯೂ ಇರಬಹುದು ಎಂದರು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು.

ಕೆಳಗಿನ ಮನೆಯ ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ನೀರು ಕುದಿಯುವ ಸದ್ದು ಕೇಳಿಸಿತು.

ಆಗಸ್ಟ್ 4, ಭಾನುವಾರ

ವರದಿ ಬಂದಿದೆ. ಬಾವನ ತಪ್ಪಿಲ್ಲ ಎಂದು ಬರೆದಿದ್ದಾರೆ. ಡ್ರೈವಿಂಗ್ ಸ್ಕೂಲಿನ ಗೋಡೆಗೆ ಪೇಪರಿನಲ್ಲಿ ಬಂದ ಆ ಸುದ್ದಿಯ ತುಂಡನ್ನು ಯಾರೋ ಅಂಟಿಸಿದ್ದಾರಂತೆ. ಅಕ್ಕ ಮೈದಾನದಲ್ಲಿ ಇಳಿ ಎಂದ ಮೇಲೆ ನನ್ನೊಡನೆ ಮಾತಾಡಿಲ್ಲ. ಮೆಟ್ಟಿಲ ಹತ್ತಿರ ಎದುರಾದರೆ ನಾನು ಹಾದುಹೋಗುವವರೆಗೆ ಬೀಗದ ಕೈ ಹುಡುಕುತ್ತಾಳೆ.

ಸಂಜೆ ಅಜ್ಜಿಯ ಅಂಗಡಿಗೆ ಹೋದೆ. ಅಜ್ಜಿ ಹೊಸ ಸರಕು ಬಂದಿದೆಯೆಂದು ಹಿಗ್ಗಿನಲ್ಲಿದ್ದಳು. ಗುಲಾಬಿ ಬೆರೆಸಿದ ಊಲಾಂಗ್. ಪುಟ್ಟ ಬಟ್ಟಲಿಗೆ ಬಗ್ಗಿಸಿ ಕೊಟ್ಟು, "ಹೇಗಿದೆ ಹೇಳು," ಎಂದಳು.

ಕುಡಿದೆ. "ಎಲೆ ಹಳೇದು ಅಜ್ಜಿ. ಗುಲಾಬಿ ಸುರಿದು ಮುಚ್ಚಿದಾರೆ."

ಅಜ್ಜಿಯ ಮುಖ ಪೆಚ್ಚಾಯಿತು. "ಬೆಳಗ್ಗೆಯಿಂದ ಎಲ್ಲರೂ ಚೆನ್ನಾಗಿದೆ ಅಂತಿದಾರಲ್ಲ."

"ಅವರಿಗೆ ಚೆನ್ನಾಗಿರಬಹುದು. ಎಲೆ ಹಳೇದು."

ಆಗ ಹಿಂದಿನ ಕಪಾಟಿನ ಮರೆಯಿಂದ ಅಕ್ಕ ಬಂದಳು. ಅವಳು ಒಳಗಿರುವುದು ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಜೀವ ಬಂದಂತಾಯಿತು. "ಬಾಮ್ಮ, ನೀನಾದ್ರೂ ಹೇಳು," ಎಂದು ಇನ್ನೊಂದು ಬಟ್ಟಲು ಅವಳ ಕೈಗೆ ಕೊಟ್ಟಳು. ಅಕ್ಕ ಮೂಸಿದಳು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನೆಲ ನೋಡಿದಳು, ನುಂಗಿದಳು. ಅವಳು ಏನನ್ನುತ್ತಾಳೋ ಎಂದು ನಾನು ಕಾಯಲಿಲ್ಲ. ದಾಲ್ಚಿನ್ನಿಯ ಡಬ್ಬಿ ಎತ್ತಿಕೊಂಡು ಅಡಿಯಲ್ಲಿ ಬರೆದಿದ್ದ ತಾರೀಖು ನೋಡುತ್ತಿದ್ದೆ.

"ಅವಳು ಹೇಳಿದ್ದು ನಿಜ," ಎಂದಳು ಅಕ್ಕ, ಅಜ್ಜಿಗೆ.

ಅಜ್ಜಿ ಗೊಣಗುತ್ತ ಗುಲಾಬಿಯದನ್ನು ಒಳಗಿಟ್ಟಳು. ನನ್ನ ಕೈಯಲ್ಲಿದ್ದ ಡಬ್ಬಿ ತೆಗೆದುಕೊಂಡು, ತಕ್ಕಡಿಗೆ ಸುರಿದು, ಯಾವಾಗಿನಂತೆ ಒಂದೇ ಕಾಗದ ಹರಿದಳು. ಇಷ್ಟು ವರ್ಷ ನಮ್ಮಿಬ್ಬರಿಗೂ ಸೇರಿ ಒಂದೇ ಪೊಟ್ಟಣ ಕಟ್ಟುತ್ತಿದ್ದುದು. ಕೆಳಗಿನ ಮನೆಯ ಡಬ್ಬಿಗೆ ಹೋಗುತ್ತಿತ್ತು ಅದು.

"ಎರಡು ಮಾಡಿ," ಎಂದಳು ಅಕ್ಕ.

ಅಜ್ಜಿ ನನ್ನ ಮುಖ ನೋಡಿದಳು.

"ಎರಡು ಮಾಡಿ ಅಜ್ಜಿ," ಎಂದೆ ನಾನೂ.

ಅಕ್ಕ ತನ್ನದನ್ನು ಚೀಲಕ್ಕೆ ಹಾಕಿಕೊಂಡು ಇಳಿದಳು. ನಾವಿಬ್ಬರೂ ಹೋಗಬೇಕಾದದ್ದು ಒಂದೇ ದಾರಿ, ಒಂದೇ ಗೇಟು. ಅವಳು ತಿರುವು ದಾಟುವವರೆಗೆ ನಾನು ಅಂಗಡಿಯ ಮೆಟ್ಟಿಲ ಮೇಲೇ ನಿಂತಿದ್ದೆ.